ತಿನ್ನದವರ ಮನೆಯ ಮರಿಗಳು

“ಇಡೀ ಆಫೀಸಿನಲ್ಲಿ, ಇವನು ಇವುಗಳನ್ನು ತಿನ್ನಲಾರ ಅಂತ ನಾನು ಎದೆ ಮುಟ್ಟಿಕೊಂಡು ಹೇಳಬಹುದಾದ ಮನುಷ್ಯ ಅಂದರೆ ನೀನೊಬ್ಬನೇ, ರಾವ್,” ಎಂದರು ರೈಲ್ವೆ ಆಫೀಸಿನ ಮೇಲಧಿಕಾರಿ ರೊಝಾರಿಯೊ ಸಾಹೇಬರು, ಮೇಜಿನ ಮೇಲಿದ್ದ ರಟ್ಟಿನ ಪೆಟ್ಟಿಗೆಯನ್ನು ಮುಂದಕ್ಕೆ ತಳ್ಳುತ್ತಾ.

ಪೆಟ್ಟಿಗೆಯ ಮೈತುಂಬಾ ತೂತುಗಳು. ತೂತುಗಳೊಳಗಿಂದ ಚಿಂವ್ ಚಿಂವ್ ಎಂದು ಸದ್ದು. ಮಧ್ವರಾಜರಾಯರು ಒಂದು ಹೆಜ್ಜೆ ಹಿಂದೆ ಸರಿದರು. ಹಿಂದೆ ಫೈಲುಗಳ ಬೀರು ಇತ್ತು, ಅದಕ್ಕಿಂತ ಹಿಂದೆ ಸರಿಯಲು ಆಗಲಿಲ್ಲ.

“ಸರ್, ನಮ್ಮ ಮನೆಯಲ್ಲಿ ತಾಯಿ ಇದ್ದಾರೆ. ತುಂಬಾ ಮಡಿ. ಅವರು ಈರುಳ್ಳಿಯನ್ನೇ ಒಳಗೆ ಬಿಡುವುದಿಲ್ಲ.”

“ಅದೇ ಬೇಕಾಗಿರೋದು, ಮ್ಯಾನ್! ಅಂಥಾ ಮನೆಯೇ ಬೇಕು. ನನ್ನ ಅಡಿಗೆಯವನ ಕೈಗೆ ಕೊಟ್ಟರೆ ಪೆಪ್ಪರ್ ಫ್ರೈ. ಪ್ಯೂನ್‌ಗೆ ಕೊಟ್ಟರೆ ಮೂರ್ ಮಾರ್ಕೆಟ್‌ನಲ್ಲಿ ಮಾರಾಟ. ಹೋದ ವರ್ಷ ನಿನ್ನ ಪಕ್ಕದ ಮನೆ ಡೋರೀನ್ ಹತ್ತಿರ ನಾಲ್ಕು ಬಾತು ಬಿಟ್ಟು ಹೋಗಿದ್ದೆ. ವಾಪಸು ಬಂದಾಗ ಅವಳೇ ಈಸ್ಟರ್ ಊಟಕ್ಕೆ ಕರೆದಳು. ಎರಡು ಸಲ ಬಡಿಸಿಕೊಂಡು ತಿಂದ ಮೇಲೆ ಕೇಳಿದೆ, ಇದು ಏನು ಮಾಂಸ ಅಂತ.”

ಸಾಹೇಬರಿಗೆ ಈಗಲೂ ಆ ದುಃಖ ಆರಿರಲಿಲ್ಲ. ರುಚಿ ಮರೆತಿರಲಿಲ್ಲ ಎಂಬುದೂ ಮುಖದಲ್ಲಿ ಕಾಣುತ್ತಿತ್ತು.

ಐವತ್ತೊಂಬತ್ತನೆಯ ಇಸವಿಯ ಡಿಸೆಂಬರ್ ತಿಂಗಳದು. ಸಾಹೇಬರು ಮಗಳ ಮದುವೆಗೆಂದು ಕೋಲಾರದ ಚಿನ್ನದ ಗಣಿಗೆ ಹೊರಟಿದ್ದರು. ಪೆನ್ಷನ್ ಆದಮೇಲೆ ಕೋಳಿ ಸಾಕಿ ಬದುಕಬೇಕು ಎಂಬ ಆಸೆಯಿಂದ ಅವರು ತರಿಸಿದ್ದ ಲೆಗಾರ್ನ್ ಎಂಬ ಸೀಮೆ ಜಾತಿಯ ಮರಿಗಳು, ಬರಬಾರದ ಹೊತ್ತಿನಲ್ಲಿ, ಅದೇ ದಿನ ಪಾರ್ಸೆಲ್ ಗಾಡಿಯಲ್ಲಿ ಬಂದಿಳಿದಿದ್ದವು.

ಮಧ್ವರಾಜರಾಯರು ಇನ್ನೊಮ್ಮೆ ಬಾಯಿ ತೆರೆದರು. ಸಾಹೇಬರು ಟೋಪಿ ಹಾಕಿಕೊಳ್ಳುತ್ತಾ, ಬೇರೆ ಏನೋ ಮಾತು ನೆನಪಾದವರ ಹಾಗೆ ಹೇಳಿದರು: “ಹಾಂ, ಆ ಖರಗಪುರದ ವಿಷಯ. ನಮ್ಮ ಸೆಕ್ಷನ್ನಿಂದ ಒಬ್ಬನನ್ನು ಅಲ್ಲಿಗೆ ಕಳಿಸಬೇಕು ಅಂತ ಮೇಲಿನಿಂದ ಬಂದಿದೆಯಲ್ಲ, ಯಾರ ಹೆಸರು ಅಂತ ವಾಪಸು ಬಂದು ಬರೀತೀನಿ. ಕ್ರಿಸ್‌ಮಸ್‌ಗೆ ಮುಂಚೆ. ಹನ್ನೆರಡು ಮರಿ ಇವೆ, ರಾವ್. ಗುಡ್ ಡೇ.”

ರಾಯರು ಬಾಯಿ ಮುಚ್ಚಿದರು. ಪೆಟ್ಟಿಗೆ ಎತ್ತಿಕೊಂಡರು.

ಪೆರಂಬೂರಿನ ಆ ಬೀದಿಯಲ್ಲಿ ರಾಯರದ್ದು ಅಜ್ಜನ ಕಾಲದಿಂದ ಇದ್ದ ಬಾಡಿಗೆ ಮನೆ. ಮುಂದೆ ಜಗಲಿ, ನಡುವೆ ಹಜಾರ, ಹಿಂದೆ ಬಚ್ಚಲು, ಅಂಗಳದಲ್ಲಿ ಬಾವಿ. ಆ ಬಾವಿಯೇ ರಾಯರ ತಾಯಿ ಭೀಮಾಬಾಯಿಯವರ ಪ್ರಪಂಚದ ನಡುಗಂಬ. ಎಂಟು ವರ್ಷದ ಹುಡುಗಿಯಾಗಿ ಈ ಮನೆಗೆ ಸೊಸೆಯಾಗಿ ಬಂದವರು, ಆ ಬಾವಿಯ ನೀರು ಬಿಟ್ಟು ಬೇರೆ ನೀರಿನಲ್ಲಿ ಅಡಿಗೆ ಮಾಡಿದವರಲ್ಲ. ಅವರು ಕಂಡ ಅತಿ ದೂರದ ಪರದೇಶ, ಗಾಡಿಯಲ್ಲಿ ಎರಡು ಗಂಟೆಯ ದಾರಿಯ ಅರಕ್ಕೋಣ. ಅಲ್ಲಿಯೂ ಚೆಂಬಿನಲ್ಲಿ ನೀರು ತೆಗೆದುಕೊಂಡು ಹೋಗಿದ್ದರು.

“ಏನೋ ಅದು ಪೆಟ್ಟಿಗೆ? ಮಾವಿನಹಣ್ಣಾ?” ಎಂದರು ಒಳಗಿಂದ.

“ಈ ಕಾಲದಲ್ಲಿ ಎಲ್ಲಿಂದ ಮಾವಿನಹಣ್ಣು, ಅಮ್ಮಾ?” ಎಂದಳು ಸೊಸೆ ಜಯಲಕ್ಷ್ಮೀ, ಪೆಟ್ಟಿಗೆಯ ಹತ್ತಿರ ಕಿವಿ ಇಟ್ಟು. “ಏನೂಂದ್ರೆ, ಇದು ಮಾತಾಡ್ತಾ ಇದೆ!”

ಇದ್ದದ್ದು ಹೇಳಿದಾಗ ಮನೆಯಲ್ಲಿ ಆದ ಗದ್ದಲವನ್ನು ವಿವರಿಸಬೇಕಾಗಿಲ್ಲ. ಪೆಟ್ಟಿಗೆ ಜಗಲಿಯಿಂದ ಬೀದಿಗೆ, ಬೀದಿಯಿಂದ ಜಗಲಿಗೆ ಮೂರು ಸಲ ಓಡಾಡಿತು. ಭೀಮಾಬಾಯಿ ಹೊಸ್ತಿಲಿನ ಒಳಗೆ ನಿಂತು, “ನಿಮ್ಮಪ್ಪ ಇದ್ದಿದ್ರೆ!” ಎಂದು ಶುರುಮಾಡಿದರು. ಅಪ್ಪ ಇದ್ದಿದ್ದರೆ ಏನು ಮಾಡುತ್ತಿದ್ದರು ಎಂಬುದನ್ನು ಅವರು ಯಾವತ್ತೂ ಹೇಳಿದವರಲ್ಲ.

“ಅಮ್ಮಾ, ಕೇಳು. ಇದು ಸತ್ತರೆ ಖರಗಪುರ.”

“ಅದು ಯಾವ ಊರೋ?”

“ಬಂಗಾಳ. ಗಾಡಿಯಲ್ಲಿ ಎರಡು ರಾತ್ರಿ.”

“ಬಾವಿ ಇರತ್ತಾ?”

“ಕ್ವಾರ್ಟರ್ಸ್ ಕೊಡ್ತಾರೆ. ನಲ್ಲಿ ನೀರು. ಹತ್ತು ಮನೆಗೆ ಒಂದು ನಲ್ಲಿ ಅಂತೆ. ಮಠ ಇಲ್ಲ, ಆಚಾರ್ಯರು ಇಲ್ಲ. ಆ ಕಡೆ ಬ್ರಾಹ್ಮಣರೂ ಮೀನು ತಿಂತಾರಂತೆ.”

“ಥೂ, ಬ್ರಾಹ್ಮಣರಾ?”

“ಗಂಗೆಯ ಹೂವು ಅಂತಾರಂತೆ ಮೀನಿಗೆ.”

ಭೀಮಾಬಾಯಿ ಗೋಡೆಗೆ ಒರಗಿದರು. ಹತ್ತು ಮನೆಗೆ ಒಂದು ನಲ್ಲಿ. ಆ ಹತ್ತು ಮನೆಯ ಕೊಡಗಳಿಗೆ ತಾಕುವ ನಲ್ಲಿಯ ಮೂತಿ. ಆ ಮೂತಿಯ ಕೆಳಗೆ ತಮ್ಮ ಮಡಿ ಚೆಂಬು. ಪಕ್ಕದ ಕೊಡದವಳ ಕೈಯಲ್ಲಿ ಗಂಗೆಯ ಹೂವು. ಅಷ್ಟನ್ನೂ ಅವರು ಕಣ್ಣು ಮುಚ್ಚಿ ಒಮ್ಮೆ ನೋಡಿದರು.

“ಜಗಲಿ ಮೂಲೆಯಲ್ಲಿ ಇರ್ಲಿ,” ಎಂದರು. “ಹೊಸ್ತಿಲು ದಾಟಕೂಡದು.”

ಹೊಸ್ತಿಲು ದಾಟದೆ ಮರಿಗಳು ಒಂದಷ್ಟು ದಿನ ಚೆನ್ನಾಗಿಯೇ ಇದ್ದವು. ಜಯಲಕ್ಷ್ಮೀ ಮಡಿಯಲ್ಲದ ಕೈಯಿಂದ ನುಚ್ಚಕ್ಕಿ ಹಾಕುತ್ತಿದ್ದಳು, ಒಮ್ಮೊಮ್ಮೆ ಮೊಸರನ್ನ. ಮೊಸರನ್ನದ ಮೇಲೆ ಒಗ್ಗರಣೆ ಇರುತ್ತಿರಲಿಲ್ಲ, ಅಷ್ಟೇ. ರಾಯರು ಆಫೀಸಿಗೆ ಹೋಗುವಾಗ ಒಮ್ಮೆ, ಬಂದ ಮೇಲೆ ಒಮ್ಮೆ ಮರಿಗಳನ್ನು ಎಣಿಸಿ, ಹನ್ನೆರಡು ಇದ್ದರೆ ದೇವರಿಗೆ ಕೈ ಮುಗಿಯುತ್ತಿದ್ದರು. ತಿರುವಲ್ಲಿಕ್ಕೇಣಿಯ ವಿಷ್ಣುತೀರ್ಥಾಚಾರ್ಯರನ್ನು ಕೇಳಿಕೊಂಡು ಬಂದದ್ದೂ ಆಯಿತು. ಆಚಾರ್ಯರು ಬಹಳ ಹೊತ್ತು ಯೋಚಿಸಿ, “ಕುಕ್ಕುಟವನ್ನು ಸಾಕು ಅಂತ ಶಾಸ್ತ್ರದಲ್ಲಿ ಎಲ್ಲೂ ಹೇಳಿಲ್ಲ. ರೈಲ್ವೆ ನೌಕರಿ ಮಾಡು ಅಂತಲೂ ಹೇಳಿಲ್ಲ. ಒಂದನ್ನು ಮಾಡ್ತಾ ಇದೀರಿ, ಇನ್ನೊಂದನ್ನೂ ಮಾಡಿ,” ಎಂದು ಅಪ್ಪಣೆ ಕೊಟ್ಟರು.

ಆಮೇಲೆ ಏಕಾದಶಿ ಬಂತು.

ಏಕಾದಶಿ ಎಂದರೆ ಆ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಅಕ್ಕಿ ಡಬ್ಬದ ಮುಚ್ಚಳ ತೆಗೆಯುವುದಿಲ್ಲ. ಭೀಮಾಬಾಯಿ ನೀರನ್ನೂ ಮುಟ್ಟುವುದಿಲ್ಲ. ಆ ದಿನ ಮಗ ಸೊಸೆಯರು ಕೂಡ ಹಾಲು ಬಾಳೆಹಣ್ಣಿನಲ್ಲಿ ದಿನ ತಳ್ಳುತ್ತಾರೆ. ಮರಿಗಳಿಗೆ ಉಪವಾಸ ಮಾಡಿಸಬೇಕು ಎಂದು ಯಾರೂ ಹೇಳಲಿಲ್ಲ. ಹೇಳಿದ್ದರೆ ಯಾರಾದರೂ ಬೇಡ ಎನ್ನುತ್ತಿದ್ದರು. ಅಕ್ಕಿ ಡಬ್ಬ ತೆರೆಯಲಿಲ್ಲ, ಅಷ್ಟೇ. ಅಕ್ಕಿ ಎಂಬ ವಸ್ತು ಲೋಕದಲ್ಲಿದೆ ಎಂಬುದು ಆ ಮನೆಯವರಿಗೆ ಆ ದಿನ ನೆನಪಾಗುವುದಿಲ್ಲ. ಸಂಜೆ ಸಣ್ಣಗೆ ಮಳೆ ಹಿಡಿಯಿತು. ಡಿಸೆಂಬರಿನ ಥಂಡಿ ಗಾಳಿ ಜಗಲಿಗೆ ಹೊಡೆಯಿತು.

ದ್ವಾದಶಿಯ ಬೆಳಿಗ್ಗೆ ಪಾರಣೆಯ ಗಡಿಬಿಡಿ. ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ ಎಲ್ಲ ಮುಗಿದು, ರಾಯರು ತೇಗುತ್ತಾ ಜಗಲಿಗೆ ಬಂದು ಎಣಿಸಿದರು. ಎಣಿಕೆ ಸರಿಯಾಗಿಯೇ ಇತ್ತು. ಆದರೆ ನಿಂತಿದ್ದವು ಕೆಲವೇ. ಉಳಿದವು ರೆಕ್ಕೆ ಇಳಿಬಿಟ್ಟುಕೊಂಡು, ಕೊರಳು ಸೋತು, ಒಂದರ ಮೇಲೊಂದು ಒರಗಿಕೊಂಡು ಬಿದ್ದಿದ್ದವು. ಸೊಟ್ಟಕಾಲಿನದೊಂದು ಕಣ್ಣನ್ನೇ ತೆರೆಯುತ್ತಿರಲಿಲ್ಲ.

“ಜಯಾ! ನಿನ್ನೆ ಇವಕ್ಕೆ ಏನು ಹಾಕಿದೆ?”

“ನಿನ್ನೆ...” ಎಂದಳು ಜಯಲಕ್ಷ್ಮೀ. ಬಾಯಿಗೆ ಕೈ ಹೋಯಿತು. “ಅಯ್ಯಯ್ಯೋ. ನಿನ್ನೆ ಏಕಾದಶಿ ಅಲ್ವಾಂದ್ರೆ.”

“ಕೋಳಿಗೆ ಎಂಥ ಏಕಾದಶಿ?”

“ನೀವೂ ಹಾಕಲಿಲ್ಲ!”

“ನಾನು ಎಣಿಸಿದೆ!”

ಗಲಾಟೆ ಕೇಳಿ ಒಳಗಿಂದ ಭೀಮಾಬಾಯಿ ಬಂದರು, ಕಾಂಪೌಂಡ್ ಗೋಡೆಯ ಆಚೆಯಿಂದ ಡೋರೀನಮ್ಮನ ತಲೆ ಮೇಲೆ ಬಂತು. ಗಂಡ ರೈಲ್ವೆ ಡ್ರೈವರಾಗಿದ್ದು ತೀರಿಕೊಂಡ ಮೇಲೆ, ಹೂವಿನ ಗೌನು ತೊಟ್ಟು, ನಾಟಿ ಕೋಳಿಗಳ ನಡುವೆ, ಊರಿನ ಸುದ್ದಿಯೆಲ್ಲಾ ತಿಳಿದುಕೊಂಡು ಸುಖವಾಗಿ ಇದ್ದ ಹೆಂಗಸು. ಭೀಮಾಬಾಯಿಗೂ ಆಕೆಗೂ ಮೂವತ್ತು ವರ್ಷದ ಸ್ನೇಹ, ಗೋಡೆಯ ಆಚೆ ಈಚೆ. ಇಬ್ಬರದ್ದೂ ಮಾತು ತಮಿಳಿನಲ್ಲಿ.

“ಏನು ಮಾಮಿ, ಮರಿ ಮಲಗಿಬಿಟ್ಟಿದೆಯಾ? ಕೊಡಿ ಇಲ್ಲಿ, ನಾನು ನೋಡ್ತೀನಿ.”

“ಕೊಡಬೇಡಮ್ಮಾ!” ಎಂದು ರಾಯರು ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡರು.

“ಆ ಬಾತಿನ ಕಥೆ ಹೇಳಿದ್ನಾ ರೊಝಾರಿಯೊ? ಎರಡು ಸಲ ಹಾಕಿಸಿಕೊಂಡು ತಿಂದ, ಅದನ್ನ ಹೇಳಿದ್ನಾ? ಸರಿ, ಕೊಡಬೇಡಿ. ಅಲ್ಲಿಂದಲೇ ತೋರಿಸಿ. ಹ್ಞೂಂ. ಚಳಿ. ಹಸಿವು. ಹಿಂದೆ ನೋಡಿ, ಹಿಕ್ಕೆ ಅಂಟಿಕೊಂಡು ಮುಚ್ಚಿಹೋಗಿದೆ. ಬಿಸಿನೀರಲ್ಲಿ ಬಟ್ಟೆ ಅದ್ದಿ ಒರಸಬೇಕು. ಬೆಲ್ಲದ ನೀರು ತೊಟ್ಟು ತೊಟ್ಟಾಗಿ ಬಿಡಬೇಕು. ತಾಯಿ ರೆಕ್ಕೆ ಕೆಳಗಿನ ಹಾಗೆ ಬೆಚ್ಚಗೆ ಇಡಬೇಕು. ಮತ್ತೆ ಬೇಯಿಸಿದ ಮೊಟ್ಟೆ, ಹಳದಿ ಭಾಗ ಮಾತ್ರ, ಪುಡಿ ಮಾಡಿ ಇಷ್ಟಿಷ್ಟೇ.”

ಕೊನೆಯ ಮಾತಿಗೆ ಜಯಲಕ್ಷ್ಮೀ ಕಿವಿ ಮುಚ್ಚಿಕೊಂಡಳು.

“ಮೊಟ್ಟೆಯಾ?” ಎಂದರು ರಾಯರು. “ಕೋಳಿಗೇ ಕೋಳಿ ಮೊಟ್ಟೆಯಾ?”

“ಮತ್ತೇನು, ರಾಯರೇ? ಮೊಟ್ಟೆ ಒಳಗಿದ್ದಾಗ ಮರಿ ತಿಂದು ಬೆಳೆದದ್ದೇ ಅದನ್ನ. ನಾನು ಬೇಯಿಸಿ ಗೋಡೆ ಮೇಲೆ ಇಡ್ತೀನಿ. ಬೇಕಾದರೆ ತಗೊಳ್ಳಿ, ಬೇಡವಾದರೆ ಖರಗಪುರಕ್ಕೆ ಹೋಗಿ.” ಈ ಸುದ್ದಿಯೂ ಆಕೆಗೆ ಆಗಲೇ ತಿಳಿದಿತ್ತು.

ರಾಯರು ಕಷ್ಟದ ಲೆಕ್ಕಾಚಾರದಲ್ಲಿ ಬಿದ್ದರು. ಮೊಟ್ಟೆ ತಂದರೆ ಮನೆ ಕೆಟ್ಟಿತು. ತರದಿದ್ದರೆ ಮನೆಯೇ ಇಲ್ಲ. ಅವರು ತಾಯಿಯ ಮುಖ ನೋಡಿದರು. ಭೀಮಾಬಾಯಿ ಮಗನ ಮುಖ ನೋಡುತ್ತಿರಲಿಲ್ಲ. ಜಗಲಿಯ ಹೊಸ್ತಿಲಿಗೆ ಬಂದು, ಪೆಟ್ಟಿಗೆಯೊಳಗೆ ಬಗ್ಗಿ ನೋಡುತ್ತಿದ್ದರು. ನಾಲ್ಕು ಹೆತ್ತು ಒಂದನ್ನು ಉಳಿಸಿಕೊಂಡ ಹೆಂಗಸು ಅವರು. ಕೊರಳು ಸೋತ ಕೂಸು ಹೇಗಿರುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ಒಳಗಿದ್ದಾಗ ಅದನ್ನೇ ತಿಂತಿತ್ತಾ, ಡೋರೀನು?”

“ಹೌದು ಮಾಮಿ.”

“ಹಾಗಾದ್ರೆ ಅದು ತಾಯಿ ಹಾಲು ಇದ್ದ ಹಾಗೆ.” ಭೀಮಾಬಾಯಿ ಮಗನ ಕಡೆ ತಿರುಗಿದರು. “ತಾಯಿ ಹಾಲಿಗೆ ಎಲ್ಲಿಯ ಮೈಲಿಗೆಯೋ? ನೀನೇನು ಮಡಿ ಉಟ್ಟುಕೊಂಡು ಹಾಲು ಕುಡಿದ್ಯಾ?”

“ಅಮ್ಮಾ, ಆದರೂ ಮೊಟ್ಟೆ ಅಂದ್ರೆ...”

“ಅದಕ್ಕೆ ಹೆಸರಿಡಬೇಡ. ಪುಡಿ ಅನ್ನು. ಜಯಾ, ಬಚ್ಚಲ ಒಲೆ ಹಚ್ಚು.”

ಹೀಗೆ ಮರಿಗಳು ಹೊಸ್ತಿಲು ದಾಟಿದವು. ಹಜಾರದಲ್ಲಿ ನಿಲ್ಲದೆ, ನೇರವಾಗಿ ಬಚ್ಚಲಿಗೆ ಹೋಗಬೇಕು ಎಂಬುದು ಕರಾರು. ಬಚ್ಚಲಲ್ಲಿ ಹಂಡೆಯ ಒಲೆಯ ಪಕ್ಕ ಪೆಟ್ಟಿಗೆ ಇಟ್ಟರು. ಆದರೆ ಬಚ್ಚಲಿಗೆ ಒಬ್ಬೊಬ್ಬರು ಸ್ನಾನಕ್ಕೆ ಹೋಗಿ ನೀರು ಚೆಲ್ಲುತ್ತಾರೆ, ಬಾಗಿಲು ತೆಗೆದರೆ ಗಾಳಿ. ತೀರಾ ಸೋತ ಮೂರು ಮರಿಗಳಿಗೆ ಅಷ್ಟು ಬಿಸಿ ಸಾಲಲಿಲ್ಲ. ಮಡಿಲಲ್ಲಿ ಇಟ್ಟುಕೊಳ್ಳದೆ ಅವು ಉಳಿಯುವುದಿಲ್ಲ ಎಂದಳು ಜಯಲಕ್ಷ್ಮೀ. ಆದರೆ ಅವಳು ಅಡಿಗೆ ಮಾಡಬೇಕು. ಮಡಿಲಲ್ಲಿ ಕೋಳಿ ಇಟ್ಟುಕೊಂಡು ಬಂದವಳು ಮಾಡಿದ ಅಡಿಗೆಯನ್ನು ಭೀಮಾಬಾಯಿ ಹೇಗೆ ಉಣ್ಣಬೇಕು?

ಈ ಪ್ರಶ್ನೆಗೆ ಉತ್ತರ ಭೀಮಾಬಾಯಿಯ ಧಾಬಳಿಯಲ್ಲಿತ್ತು. ಧಾಬಳಿ ಎಂದರೆ ಮಡಿಗೆ ಉಡುವ ಒರಟು ಉಣ್ಣೆಯ ಬಟ್ಟೆ. ಹತ್ತಿಯ ಸೀರೆಗೆ ಯಾರು ತಾಕಿದರೂ ಮೈಲಿಗೆ, ಒಗೆದು ಒಣಗಿಸಬೇಕು. ಉಣ್ಣೆಗೆ ಮೈಲಿಗೆ ಎಂಬುದೇ ಇಲ್ಲ ಎಂದು ಹಿರಿಯರು ಹೇಳಿಬಿಟ್ಟಿದ್ದಾರೆ. ಯಾಕೆ ಎಂದು ಅವರನ್ನು ಯಾರೂ ಕೇಳಿಲ್ಲ. ಭೀಮಾಬಾಯಿ ಮರುದಿನ ಸ್ನಾನ ಮಾಡಿ, ಧಾಬಳಿ ಉಟ್ಟು, ಬಚ್ಚಲ ಬಾಗಿಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತು, “ತಾ ಇಲ್ಲಿ,” ಎಂದರು.

“ಏನನ್ನಮ್ಮಾ?”

“ಆ ಮೂರನ್ನ. ಧಾಬಳಿ ಮಡಿಕೆಯಲ್ಲಿ ಹಾಕು. ಉಣ್ಣೆಯೊಳಗೆ ಇದ್ದದ್ದು ಉಣ್ಣೆ ಹಾಗೇನೇ. ಅದೂ ಮಡಿ, ನಾನೂ ಮಡಿ.”

ರಾಯರು ಆಫೀಸಿಗೆ ಹೊರಡುವ ಹೊತ್ತಿಗೆ ಕಂಡ ದೃಶ್ಯ ಇದು: ನೆರಳು ಬಿದ್ದರೆ ಮತ್ತೆ ತಲೆಗೆ ನೀರು ಹಾಕಿಕೊಳ್ಳುವ ತಾಯಿ, ಬೋಳುತಲೆಯ ಮೇಲೆ ಸೆರಗು ಎಳೆದುಕೊಂಡು, ಧಾಬಳಿಯ ಮಡಿಕೆಗಳ ನಡುವೆ ಮೂರು ಹಳದಿ ತಲೆಗಳನ್ನು ಇಟ್ಟುಕೊಂಡು, ದೇವರ ದೀಪಕ್ಕೆಂದು ಹೊಸೆದ ಹೂಬತ್ತಿಯನ್ನು ಬೆಲ್ಲದ ನೀರಿನಲ್ಲಿ ಅದ್ದಿ, ಕೊಕ್ಕಿನ ಅಂಚಿಗೆ ತೊಟ್ಟು ತೊಟ್ಟಾಗಿ ಬಿಡುತ್ತಿದ್ದರು. ತುಟಿಯಲ್ಲಿ ಹರಿನಾಮ ನಡೆದೇ ಇತ್ತು.

“ಹಿಂದೆ ಒರಸಿದ್ಯಾ, ಜಯಾ?”

“ನಾನಾ?” ಎಂದಳು ಜಯಲಕ್ಷ್ಮೀ.

“ಬಿಡು. ಬಟ್ಟೆ ಕೊಡು. ಇವನದ್ದೇ ಎಷ್ಟು ಒರಸಿಲ್ಲ.”

ರಾಯರು ಆಫೀಸಿಗೆ ಬೇಗ ಹೊರಟರು.

ದಿನಾ ಬೆಳಿಗ್ಗೆ ಗೋಡೆಯ ಮೇಲೆ ಬಾಳೆಎಲೆಯ ತುಂಡಿನಲ್ಲಿ ‘ಪುಡಿ’ ಬರುತ್ತಿತ್ತು. ಪಾತ್ರೆಯಾದರೆ ತೊಳೆದು ವಾಪಸು ಕೊಡಬೇಕಲ್ಲ, ಅದಕ್ಕೇ ಎಲೆ. ಅದನ್ನು ಗೋಡೆಯಿಂದ ಬಚ್ಚಲಿಗೆ ತರುವ ಕೆಲಸ ರಾಯರದ್ದು. ಅವರು ಆಕಾಶ ನೋಡುತ್ತಾ ಹೋಗಿ, ಆಕಾಶ ನೋಡುತ್ತಾ ಬರುತ್ತಿದ್ದರು. ಕೈ ಏನು ಹಿಡಿದಿದೆ ಎಂಬುದು ಕಣ್ಣಿಗೆ ಗೊತ್ತಾಗಬಾರದು. “ನೋಡೋಕೆ ಕಡಲೆಹಿಟ್ಟಿನ ಉಂಡೆ ಪುಡಿ ಮಾಡಿದ ಹಾಗಿದೆ ಅಲ್ವಾಂದ್ರೆ?” ಎಂದು ಒಂದು ದಿನ ಜಯಲಕ್ಷ್ಮೀ ಅಂದುಬಿಟ್ಟಳು. ಅಂದಿನಿಂದ ರಾಯರು ಕಡಲೆಹಿಟ್ಟಿನ ಉಂಡೆ ತಿನ್ನುವುದನ್ನು ಬಿಟ್ಟರು.

ಮರಿಗಳು ಎದ್ದವು. ಮೊದಲು ಪೆಟ್ಟಿಗೆಯಲ್ಲಿದ್ದ ಒಂಬತ್ತು, ಆಮೇಲೆ ಧಾಬಳಿಯ ಮೂರರಲ್ಲಿ ಎರಡು. ರೆಕ್ಕೆಯ ಅಂಚಿನಲ್ಲಿ ಬಿಳಿ ಗರಿ ಇಣುಕಿತು. ಬಚ್ಚಲಲ್ಲಿ ಓಡಾಡಿ, ಸ್ನಾನಕ್ಕೆ ಬಂದವರ ಕಾಲಿನ ಬೆರಳುಗಳನ್ನು ಕುಕ್ಕಿದವು. ಭೀಮಾಬಾಯಿಯ ಮಡಿಯ ಗೆರೆಯೂ ದಿನದಿನಕ್ಕೆ ಅವುಗಳ ಜೊತೆ ಓಡಾಡತೊಡಗಿತು. ಮೊದಲು ಬಚ್ಚಲ ಹೊಸ್ತಿಲು ಗೆರೆಯಾಗಿತ್ತು, ಆಮೇಲೆ ಬಾವಿಕಟ್ಟೆ, ಆಮೇಲೆ ತುಳಸಿಕಟ್ಟೆ. “ತುಳಸಿಗೆ ತಾಕದಿದ್ರೆ ಆಯ್ತು,” ಎಂದರು ಕೊನೆಗೆ. ಒಂದು ಮರಿ ತುಳಸಿಯ ಎಲೆಯನ್ನೇ ಕುಕ್ಕಿ ತಿಂದಾಗ, “ಯಾವ ಜನ್ಮದ ಪುಣ್ಯಾತ್ಮವೋ,” ಎಂದರು.

ಸೊಟ್ಟಕಾಲಿನದು ಮಾತ್ರ ಏಳಲಿಲ್ಲ. ಪುಡಿ ತಿಂದಿತು, ನೀರು ಕುಡಿಯಿತು, ಭೀಮಾಬಾಯಿಯ ಧ್ವನಿ ಕೇಳಿದರೆ ಕಣ್ಣು ತೆರೆಯಿತು. ಅವರು ಊಟಕ್ಕೆ ಎದ್ದು ಹೋದರೆ ಕೂಗಿತು. ಹೀಗಾಗಿ ಅವರು ಊಟವನ್ನು ಬೇಗ ಮುಗಿಸತೊಡಗಿದರು. ಮಧ್ಯಾಹ್ನ ಕಥೆ ಕೇಳಲು ಹೋಗುವುದನ್ನು ಬಿಟ್ಟರು. “ಇನ್ನೊಂದಿಷ್ಟು ಕಾಲು ಬಲಿತ್ರೆ ಸಾಕು, ಇದೂ ಓಡತ್ತೆ,” ಎನ್ನುತ್ತಿದ್ದರು ಬಂದವರಿಗೆಲ್ಲ. ಬರುತ್ತಿದ್ದವಳು ಗೋಡೆಯ ಆಚೆಯ ಡೋರೀನಮ್ಮ ಒಬ್ಬಳೇ. ಆಕೆ “ಹ್ಞೂಂ ಮಾಮಿ,” ಎಂದು ಬೇರೆ ಕಡೆ ನೋಡುತ್ತಿದ್ದಳು.

ಒಂದು ಬೆಳಿಗ್ಗೆ, ಹೂಬತ್ತಿಯ ನೀರು ಕೊಕ್ಕಿನಿಂದ ಹೊರಗೆ ಇಳಿಯಿತು. ಭೀಮಾಬಾಯಿ ಇನ್ನೊಂದು ಬತ್ತಿ ಅದ್ದಿದರು. ಅದೂ ಇಳಿಯಿತು.

ಬಹಳ ಹೊತ್ತು ಅವರು ಧಾಬಳಿಯ ಮಡಿಕೆ ಬಿಡಿಸಲಿಲ್ಲ. ರಾಯರು ಬಂದು ನಿಂತರು. ಹೋಯಿತು ಎಂದು ತಿಳಿದಾಗ ಅವರ ಬಾಯಿಂದ ಬಂದದ್ದು, “ಹನ್ನೊಂದು,” ಎಂಬ ಒಂದೇ ಮಾತು.

“ಹೇಗೂ ಬಚ್ಚಲ ಒಲೆಯಲ್ಲಿ ಬೆಂಕಿ ಇದೆ...” ಎಂದು ಶುರುಮಾಡಿದರು ಆಮೇಲೆ.

“ಬಾಯಿ ಮುಚ್ಚು!” ಎಂದರು ಭೀಮಾಬಾಯಿ. “ಹಲ್ಲು ಬರದ ಕೂಸುಗಳನ್ನ ಸುಡಲ್ಲ, ಹೂಳೋದು.”

“ಅಮ್ಮಾ, ಇದಕ್ಕೆ ಯಾವತ್ತೂ ಹಲ್ಲು ಬರಲ್ಲ.”

“ಹಾಗಾದ್ರೆ ಯಾವತ್ತೂ ಹೂಳೋದೇ.”

ಬಾವಿಯ ಹಿಂದಿನ ಬಾಳೆಯ ಬುಡದಲ್ಲಿ ಹೂಳಿದರು. ಒಂದು ಹಿಡಿ ಉಪ್ಪನ್ನೂ ಹಾಕಿದರು. ಆ ಮಧ್ಯಾಹ್ನ ಭೀಮಾಬಾಯಿ ಊಟ ಮಾಡಲಿಲ್ಲ. ಏಕಾದಶಿಗೆ ಇನ್ನೂ ಎರಡು ದಿನವಿತ್ತು.

ರಾಯರು ಸುಮ್ಮನೆ ಕೂರಲಾರದೆ, ಹನ್ನೆರಡನೆಯದಕ್ಕೆ ಹುಡುಕಾಟ ನಡೆಸಿದರು. ಡೋರೀನಮ್ಮನ ಹತ್ತಿರ ಆಗ ಒಂದು ಹಿಂಡು ಮರಿಗಳಿದ್ದವು, ಆದರೆ ಎಲ್ಲವೂ ನಾಟಿ, ಕಂದು ಬಣ್ಣ. “ಅರಿಶಿನ ಹಚ್ಚಿದ್ರೆ ಆಗಲ್ವಾಂದ್ರೆ?” ಎಂದಳು ಜಯಲಕ್ಷ್ಮೀ. ಒಂದಕ್ಕೆ ಹಚ್ಚಿಯೂ ನೋಡಿದರು. ಅದು ಮದುಮಗಳ ಹಾಗೆ ಕಾಣುತ್ತಿತ್ತು, ಲೆಗಾರ್ನ್‌ನ ಹಾಗೆ ಕಾಣಲಿಲ್ಲ. ತೊಳೆದು ಗೋಡೆಯಾಚೆಗೆ ಕಳಿಸಿದರು.

ಕ್ರಿಸ್‌ಮಸ್‌ನ ಮುನ್ನಾದಿನ ಬೆಳಿಗ್ಗೆ ಸಾಹೇಬರ ಜೀಪು ಬಂತು. ಮದುವೆಯ ಊಟದಿಂದ ಇನ್ನೂ ದುಂಡಗಾಗಿದ್ದರು. ಅಂಗಳಕ್ಕೆ ಬಂದು, ಬಾವಿಕಟ್ಟೆಯ ಸುತ್ತ ಓಡಾಡುತ್ತಿದ್ದ, ಬಿಳಿ ಗರಿ ಇಣುಕಿದ ಹಳದಿ ಮರಿಗಳ ಹಿಂಡನ್ನು ನೋಡಿ ಎರಡು ಕೈಯನ್ನೂ ಮೇಲೆತ್ತಿದರು.

“ಮೈ ಗಾಡ್, ರಾವ್! ಪಾರ್ಸೆಲ್ ಗಾಡಿಯಿಂದ ಇಳಿಸಿದಾಗ ಅರ್ಧ ಸತ್ತಿದ್ದವು. ನಾಲ್ಕು ಉಳಿದರೆ ಹೆಚ್ಚು ಅಂದುಕೊಂಡಿದ್ದೆ. ಏನು ಮಾಡಿದೆ?”

“ಏನೋ ಸರ್, ದೇವರ ದಯೆ,” ಎಂದರು ರಾಯರು. ನಾಲ್ಕು ಉಳಿದರೆ ಹೆಚ್ಚು ಎಂಬ ಮಾತು ಕೇಳಿ ಅವರಿಗೆ ಒಳಗೊಳಗೇ ಜೀವ ಬಂದಿತ್ತು. “ಖರಗಪುರದ್ದು ಸರ್...”

“ಅದನ್ನೇ ಹೇಳಬೇಕು ಅಂತ ಬಂದೆ!” ಸಾಹೇಬರು ರಾಯರ ಹೆಗಲ ಮೇಲೆ ಕೈ ಹಾಕಿದರು. “ನನಗೆ ಪ್ರಮೋಷನ್. ಖರಗಪುರಕ್ಕೆ ನಾನೇ ಹೋಗ್ತಾ ಇದೀನಿ. ದೊಡ್ಡ ಬಂಗಲೆ, ಹಿಂದೆ ಒಂದು ಎಕರೆ. ಇನ್ನೂರು ಲೆಗಾರ್ನ್ ಹಾಕೋಣ, ರಾವ್! ಹೆಸರು ಯಾರದ್ದು ಬರೀಬೇಕು ಅಂತ ಯೋಚನೆಯಲ್ಲಿದ್ದೆ. ಈಗ ಯೋಚನೆಯೇ ಬೇಡ. ನಂಬಿಕೆ ಇಡಬಹುದಾದ ಮನುಷ್ಯ ಇನ್ನೊಬ್ಬ ಇಲ್ಲ. ನೀನು ನನ್ನ ಜೊತೆ ಬರ್ತೀಯ.”

ರಾಯರು ಬಾವಿಯ ಕಡೆ ನೋಡಿದರು. ಅಷ್ಟು ಚೆನ್ನಾಗಿ ಸಾಕಿದ್ದಕ್ಕೆ ಬಂದ ಬಹುಮಾನ ಅವರ ಮುಂದೆ ಹತ್ತು ಮನೆಯ ನಲ್ಲಿಯಾಗಿ ನಿಂತಿತ್ತು.

ಸಾಹೇಬರು ಬಗ್ಗಿ ಮರಿಗಳನ್ನು ಪೆಟ್ಟಿಗೆಗೆ ತುಂಬಿಸಿಕೊಳ್ಳುತ್ತಾ ಎಣಿಸಿದರು. “ಒಂಬತ್ತು, ಹತ್ತು, ಹನ್ನೊಂದು. ಇನ್ನೊಂದು ಎಲ್ಲಿ?”

ಹಜಾರದ ಬಾಗಿಲ ಹಿಂದಿನಿಂದ ಧ್ವನಿ ಬಂತು. ಪರಪುರುಷರ ಮುಂದೆ ಮೂವತ್ತು ವರ್ಷದಿಂದ ಬಾಯಿ ತೆರೆಯದಿದ್ದ ಭೀಮಾಬಾಯಿ, ಸಾಹೇಬರಿಗೆ ಚೆನ್ನಾಗಿ ತಿಳಿಯುವ ಪೆರಂಬೂರಿನ ತಮಿಳಿನಲ್ಲಿ ಹೇಳಿದರು:

“ಸಾಪ್ಟಾಚ್ಚು.”

ತಿಂದಾಯಿತು ಎಂದರ್ಥ.

ಸಾಹೇಬರು ನೆಟ್ಟಗಾದರು. “ರಾವ್, ನಿನ್ನ ತಾಯಿ ಏನು ಹೇಳ್ತಿದಾರೆ?”

ರಾಯರು ಬಾಗಿಲ ಕಡೆ ನೋಡಿದರು. ಬಾಗಿಲ ಸಂದಿಯಲ್ಲಿ ಧಾಬಳಿಯ ಅಂಚು ಅಲುಗದೆ ನಿಂತಿತ್ತು. ಅಜ್ಜನ ಕಾಲದಿಂದ ಕಾಪಾಡಿಕೊಂಡು ಬಂದ ಹೆಸರು ಒಂದು ಕಡೆ, ಅಮ್ಮನ ಬಾವಿ ಒಂದು ಕಡೆ.

“ಹೌದು ಸರ್,” ಎಂದರು ರಾಯರು. “ಒಂದೇ ಒಂದು.”

“ನೀನು! ನೀವು! ಈ ಮನೆಯಲ್ಲಿ?” ಸಾಹೇಬರ ಮುಖ ಕೆಂಪಾಯಿತು. ಆಮೇಲೆ, ತಡೆಯಲಾರದೆ, ಕೋಳಿ ತಿನ್ನುವವರೆಲ್ಲ ಕೇಳುವ ಪ್ರಶ್ನೆಯನ್ನೇ ಕೇಳಿದರು: “ಹೇಗೆ ಮಾಡಿದಿರಿ?”

ಇದಕ್ಕೆ ರಾಯರು ತಯಾರಾಗಿರಲಿಲ್ಲ. ಅವರಿಗೆ ಗೊತ್ತಿದ್ದ ಅಡಿಗೆಗಳೆಲ್ಲ ತಲೆಯಲ್ಲಿ ಒಮ್ಮೆ ಓಡಿದವು.

“ಹುಳಿ... ಸಾಂಬಾರ್, ಸರ್.”

“ಸಾಂಬಾರಾ?”

“ನುಗ್ಗೆಕಾಯಿ ಹಾಕಿ, ಸರ್.”

“ನನ್ನ ಲೆಗಾರ್ನ್ ಮರಿಯನ್ನ ತೊಗರಿಬೇಳೆಯಲ್ಲಿ ಬೇಯಿಸಿದೆಯಾ? ನುಗ್ಗೆಕಾಯಿ ಜೊತೆ?” ಸಾಹೇಬರ ಧ್ವನಿ ಒಡೆಯಿತು. “ಡೋರೀನ್ ಆಗಿದ್ದರೆ ಮರ್ಯಾದೆಯಾಗಿ ವಿಂದಾಲು ಆದರೂ ಮಾಡುತ್ತಿದ್ದಳು, ಮ್ಯಾನ್! ತಿನ್ನೋದಕ್ಕೂ ಒಂದು ಲೆಕ್ಕ ಇದೆ. ಖರಗಪುರವಂತೆ! ನಿನ್ನನ್ನು ನಾನು ಇಲ್ಲೇ ಪಕ್ಕದ ಆವಡಿಗೂ ಕರೆದುಕೊಂಡು ಹೋಗಲ್ಲ. ಇಲ್ಲೇ ಇರು. ಸಾಯೋ ತನಕ ಪೆರಂಬೂರಿನಲ್ಲೇ ಇರು!”

“ಥ್ಯಾಂಕ್ಯೂ, ಸರ್,” ಎಂದರು ರಾಯರು.

ಜೀಪು ಬೀದಿ ತಿರುಗಿ ಮರೆಯಾದ ಮೇಲೆ ರಾಯರು ಜಗಲಿಯಲ್ಲಿ ಕುಸಿದು ಕುಳಿತರು. ಭೀಮಾಬಾಯಿ ಹೊರಗೆ ಬಂದರು.

“ಅಮ್ಮಾ, ಏನು ಹೇಳಿಬಿಟ್ಟೆ! ನಾಳೆ ಆಫೀಸೆಲ್ಲಾ ಗೊತ್ತಾಗತ್ತೆ. ಆಚಾರ್ಯರ ಕಿವಿಗೆ ಬಿದ್ರೆ?”

“ಬಿದ್ರೆ ಪ್ರಾಯಶ್ಚಿತ್ತ ಹೇಳ್ತಾರೆ, ಮಾಡಿದ್ರಾಯ್ತು. ಪಂಚಗವ್ಯಕ್ಕೆ ಬಾವಿ ನೀರು ಇದೆಯಲ್ಲ.”

“ಅಮ್ಮಾ, ಆದ್ರೂ ಅದನ್ನ ತಿಂದ್ವಿ ಅಂತ...” ಎಂದಳು ಜಯಲಕ್ಷ್ಮೀ. “ನೀವು ಅಷ್ಟು ಸಾಕಿದ್ರಿ. ನಿಮಗೆ ಹೇಗೆ ಬಾಯಿ ಬಂತು?”

ಭೀಮಾಬಾಯಿ ಬಾಳೆಯ ಬುಡದ ಕಡೆ ನೋಡಿದರು.

“ತಿಂದಿಲ್ಲ ಅಂತ ಅದಕ್ಕೆ ಗೊತ್ತು,” ಎಂದರು. “ಸಾಕು.”

ಮರುದಿನ ಕ್ರಿಸ್‌ಮಸ್. ಪ್ರತಿ ವರ್ಷ ಆ ಬೆಳಿಗ್ಗೆ ಡೋರೀನಮ್ಮ ಚರ್ಚಿನಿಂದ ಬಂದು, ಭೀಮಾಬಾಯಿಗೆಂದು ಗೋಡೆಯ ಮೇಲೆ ಒಂದು ತಟ್ಟೆ ಇಟ್ಟು ಹೋಗುತ್ತಾಳೆ. ಬಿಳಿ ಕರವಸ್ತ್ರ ಮುಚ್ಚಿದ ಆ ತಟ್ಟೆಯಲ್ಲಿ ಕೈ ತಾಕದ ಬಾಳೆಹಣ್ಣು, ಕಲ್ಲುಸಕ್ಕರೆ, ಒಂದು ತೆಂಗಿನಕಾಯಿ ಮಾತ್ರ ಇರುತ್ತದೆ. ಮೊಟ್ಟೆ ಹಾಕಿದ ಕೇಕನ್ನು ಆ ಮನೆಗೆ ಕೊಡಬಾರದು ಎಂದು ಆಕೆಗೆ ಗೊತ್ತು. ಈ ಸಲ ಸಾಹೇಬರೂ ಆಕೆಯೂ ಚರ್ಚಿನಲ್ಲಿ ಒಂದೇ ಬೆಂಚಿನಲ್ಲಿ ಕುಳಿತಿದ್ದರಂತೆ, ಸಾಂಬಾರಿನ ಸುದ್ದಿ ಆಕೆಯ ಕಿವಿಗೂ ಬಿದ್ದಿತ್ತು. ಸ್ನಾನ ಮುಗಿಸಿ ಬಂದ ಭೀಮಾಬಾಯಿ ಕರವಸ್ತ್ರವನ್ನು ಕೋಲಿನ ತುದಿಯಿಂದ ಎತ್ತಿದಾಗ, ಒಳಗೆ ಕಪ್ಪಗಿನ ಪ್ಲಮ್ ಕೇಕಿನ ದೊಡ್ಡ ತುಂಡೊಂದು, ಅದರ ಪಕ್ಕ ಮುಚ್ಚಳ ಹಾಕಿದ ಬಟ್ಟಲು, ಬಟ್ಟಲಿಂದ ವಿಂದಾಲುವಿನ ವಿನೆಗರ್ ಮತ್ತು ಮೆಣಸಿನ ಘಾಟು. ಅವರು ಅದೇ ಕೋಲಿನಿಂದ, ಮುಗುಚದ ಹಾಗೆ, ತಟ್ಟೆಯನ್ನು ಮೆಲ್ಲಗೆ ಗೋಡೆಯ ಆ ತುದಿಗೆ ಸರಿಸಿದರು. ಕಾಗೆಯೊಂದು ಬಂದು ಕೂತು, ಎರಡನ್ನೂ ನೋಡಿ, ಕೇಕಿನಿಂದ ಶುರುಮಾಡಿತು.